ತಿಜೋರಿ ಕೀಲಿ ಇಲ್ಲದ ಕೆಲಸದವ

ಇಳಕಲ್ಲಿನ ಸೀರೆ ಅಂಗಡಿಯ ಬೀಗ ತೆಗೆಯುವವರು ಮಾಲೀಕರು. ಗಾದಿಯ ಮೇಲೆ ಸೀರೆ ಬಿಚ್ಚಿ ತೋರಿಸುವವ ಕೆಲಸದ ಹುಡುಗ. ತಿಜೋರಿ ಕೀಲಿ ಅವನ ಹತ್ತಿರ ಇಲ್ಲ, ವ್ಯಾಪಾರವೂ ನಿಂತಿಲ್ಲ. ಅದೇ ಅಂಗಡಿ ಬಾಡಿಗೆ ಸರ್ವರಿನಲ್ಲಿ ವೆಬ್‌ಸೈಟ್ ತೆರೆದಾಗ ಮಾತ್ರ ಕೀಲಿಗೊಂಚಲೇ ಹುಡುಗನ ಕೈಗೆ ಹೋಗಿಬಿಡುವುದುಂಟು.

ಲಿನಕ್ಸ್ ಯಂತ್ರದ ಮಾಲೀಕನ ಹೆಸರು ರೂಟ್. ಅವನಿಗೆ ಯಾವ ಕಡತವೂ ಮುಚ್ಚಿದ್ದಲ್ಲ. ವೆಬ್ ಸರ್ವರ್ ಗಿರಾಕಿಗಾಗಿ ಕಾಯುವ ಬಾಗಿಲುಗಳು 80 ಮತ್ತು 443ನೆಯ ಪೋರ್ಟ್‌ಗಳು. 1024ಕ್ಕಿಂತ ಕೆಳಗಿನ ಬಾಗಿಲನ್ನು ರೂಟ್ ಮಾತ್ರ ತೆರೆಯಬೇಕೆಂಬುದು 1980ರ ದಶಕದ ಬಿಎಸ್‌ಡಿ ಯೂನಿಕ್ಸ್ ಕಾಲದ ಕಟ್ಟಳೆ. ಒಂದೇ ಗಣಕವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದಾಗ ಅದಕ್ಕೆ ಅರ್ಥವಿತ್ತು. ಈಗ ಅದರ ನೆಪದಲ್ಲಿ ಇಡೀ ಸರ್ವರನ್ನೇ ರೂಟ್ ಹೆಸರಲ್ಲಿ ಓಡಿಸುವವರಿದ್ದಾರೆ. ತಂತ್ರಾಂಶದಲ್ಲಿ ಒಂದು ಬಿರುಕಿದ್ದರೆ ಸಾಕು, ನುಸುಳಿದವನಿಗೆ ಯಂತ್ರವೇ ಸಿಕ್ಕಂತೆ.

ಅಪಾಚೆ, ಎಂಜಿನ್‌ಎಕ್ಸ್ ವೆಬ್ ಸರ್ವರುಗಳ ಕೆಲಸದ ಹಂಚಿಕೆ ನೋಡಿ. ಮೊದಲ ಪ್ರಕ್ರಿಯೆ ರೂಟ್ ಆಗಿ ಎದ್ದು ಬಾಗಿಲು ತೆರೆಯುತ್ತದೆ, ಗುಪ್ತಲಿಪಿಯ ಖಾಸಗಿ ಕೀಲಿ ಓದಿಕೊಳ್ಳುತ್ತದೆ. ಗಿರಾಕಿಯ ಜೊತೆ ಮಾತಾಡುವುದು ಅದರ ಮಕ್ಕಳು. ಅವು ಏನೂ ಅಧಿಕಾರವಿಲ್ಲದ ಹೆಸರಿನಲ್ಲಿ ಓಡುತ್ತವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ನಡುವೆ ಕೊಂಡಿ. ಇಲ್ಲಿನ ಕೊಂಡಿ ತೆರೆದ ಬಾಗಿಲು: ಅದು ಮಕ್ಕಳಿಗೆ ಬಳುವಳಿಯಾಗಿ ಬರುತ್ತದೆ, ರೂಟ್‌ನ ಅಧಿಕಾರ ಬರುವುದಿಲ್ಲ.

ರೂಟ್ ಇಲ್ಲದೆಯೇ ಶುರುಮಾಡಲೂ ಬರುತ್ತದೆ. 1999ರ ಲಿನಕ್ಸ್ 2.2 ರೂಟ್‌ನ ಅಧಿಕಾರವನ್ನು ತುಂಡುತುಂಡಾಗಿಸಿತು. ಕೆಳಗಿನ ಪೋರ್ಟ್ ತೆರೆಯುವ ಒಂದೇ ತುಂಡನ್ನು ಸರ್ವರಿಗೆ ಕೊಟ್ಟರಾಯಿತು. ಆದರೆ ಅದನ್ನು ಪೈಥಾನ್ ಪ್ರೋಗ್ರಾಮುಗಳನ್ನು ಓಡಿಸುವ ಇಂಟರ್‌ಪ್ರಿಟರ್ ಕಡತಕ್ಕೆ ಅಂಟಿಸಿದರೆ ಆ ಯಂತ್ರದ ಪ್ರತಿ ಪೈಥಾನ್ ಪ್ರೋಗ್ರಾಮಿಗೂ ಸಿಗುತ್ತದೆ. ಲಿನಕ್ಸ್ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮೂಲಕ ಆ ಒಂದು ಸೇವೆಗಷ್ಟೇ ಕೊಡುವುದು ವಾಸಿ. 2017ರ ಲಿನಕ್ಸ್ 4.11ರಿಂದ 1024ರ ಗೆರೆಯನ್ನೇ ಕೆಳಗಿಳಿಸಬಹುದು. ಆಗ ಯಂತ್ರದಲ್ಲಿ ಖಾತೆಯಿರುವ ಎಲ್ಲರಿಗೂ ಬಾಗಿಲು ತೆರೆದಂತೆ, ನನಗದು ಒಗ್ಗದು.

ಜನ ಜಾರುವುದು ಕಡತಗಳಲ್ಲಿ. ಏನೋ ತೊಡಕಾಯಿತೆಂದು ಕಡತದ ಅನುಮತಿಯನ್ನು 777 ಮಾಡಿ ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟುಬಿಡುತ್ತಾರೆ. ಸರ್ವರ್ ಪುಟಗಳನ್ನು ಓದಿದರೆ ಸಾಕು. ಚಿತ್ರ ಏರಿಸುವ ಒಂದು ಫೋಲ್ಡರಿಗೆ ಮಾತ್ರ ಬರೆಯಲಿ, ಅಲ್ಲಿ ಬಿದ್ದದ್ದು ಯಾವುದೂ ಪ್ರೋಗ್ರಾಮಾಗಿ ಓಡದಿರಲಿ.

ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಜಾಲತಾಣವೂ ಇದೇ ಹಾದಿಯದು. ಅದು ರಾಷ್ಟ್ರೀಯ ಮಾಹಿತಿ ಕೇಂದ್ರದ ಎಸ್‌3ವಾಸ್ ಚೌಕಟ್ಟಿನಲ್ಲಿದೆ: ಬರಹ ಜಿಲ್ಲಾಡಳಿತದ್ದು, ಸರ್ವರ್ ಕೇಂದ್ರದ್ದು. ಬಾದಾಮಿಯ ಪ್ರವಾಸಿ ಮಾಹಿತಿಯನ್ನೋ ಹುನಗುಂದದ ಟೆಂಡರನ್ನೋ ಏರಿಸಲು ಯಾರಿಗೂ ರೂಟ್ ಪಾಸ್‌ವರ್ಡ್ ಬೇಕಿಲ್ಲ.