ಅರ್ಜಿಯ ಕೆಳಗಿನ ಸಹಿ ಯಾರದು?

ಉದ್ಯೋಗದ ಅರ್ಜಿಯನ್ನು ಪರರಿಂದ ಬರೆಸಿಕೊಳ್ಳುವುದು ನಮ್ಮ ನಾಡಿಗೆ ಹೊಸತೇನಲ್ಲ. ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಪುಟ್ಟ ಮೇಜು ಹಾಕಿಕೊಂಡು ಕುಳಿತ ಅರ್ಜಿ ಬರಹಗಾರನನ್ನು ಕಾಣದವರಾರು? ನೆರೆಮನೆಯ ಮೇಷ್ಟರು, ಬೆಂಗಳೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಸೋದರಮಾವ, ಟೈಪಿಂಗ್ ಶಾಲೆಯ ಒಡೆಯ, ಕೆಲವೊಮ್ಮೆ ಧರ್ಮಕೇಂದ್ರದ ಗುರು, ಇವರೆಲ್ಲರೂ ಎಷ್ಟೋ ಮಂದಿಯ ಮೊದಲ ಅರ್ಜಿಯನ್ನು ತಿದ್ದಿಕೊಟ್ಟವರೇ. ಅಂಥ ಸೋದರಮಾವನಿಲ್ಲದ ಮನೆಯ ಮಕ್ಕಳು ಇಂಗ್ಲಿಷಿನ ಒಂದು ತಪ್ಪು ವಾಕ್ಯದ ದೆಸೆಯಿಂದ ಹಿಂದೆ ಬೀಳುತ್ತಿದ್ದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಂದಿನಿಂದ ಆ ಸೋದರಮಾವ ಎಲ್ಲರ ಮೊಬೈಲಿನೊಳಗೂ ಬಂದು ಕುಳಿತಿದ್ದಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ಯುವಕನೊಬ್ಬ ಕೃತಕ ಬುದ್ಧಿಮತ್ತೆಯ ನೆರವಿನಿಂದ ತನ್ನ ಇಂಗ್ಲಿಷನ್ನು ತಿದ್ದಿಕೊಂಡರೆ ಅದನ್ನು ಮೋಸವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಹಾಗೆ ಕರೆಯುವ ಹಿರಿಯರು ತಮ್ಮ ಮೊದಲ ಅರ್ಜಿಯನ್ನು ಬರೆದುಕೊಟ್ಟವರಾರೆಂಬುದನ್ನು ಕೊಂಚ ಜ್ಞಾಪಿಸಿಕೊಳ್ಳಲಿ.

ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಉದ್ಯೋಗದ ಅರ್ಜಿಯ ಕಥೆಯೂ ಹೀಗೆಯೇ ಇದೆ. 1482ರ ಸುಮಾರಿಗೆ, ಮೂವತ್ತರ ಪ್ರಾಯದ ಲಿಯೊನಾರ್ಡೊ ದ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರವನ್ನು ಸಿದ್ಧಪಡಿಸಿದ. ಹಗುರವಾದ ಸೇತುವೆಗಳು, ಕೋಟೆ ಮುರಿಯುವ ಉಪಾಯಗಳು, ಫಿರಂಗಿಗಳು ಎಂದು ತನ್ನ ಯುದ್ಧವಿದ್ಯೆಯನ್ನು ಅಂಶ ಅಂಶವಾಗಿ ಎಣಿಸಿ ಹೇಳಿದ ಮೇಲೆ, ಚಿತ್ರ ಬರೆಯಬಲ್ಲೆನೆಂಬ ಮಾತು ಕಡೆಯಲ್ಲಿ ಬರುತ್ತದೆ! ಉದ್ಯೋಗ ಕೊಡುವವನಿಗೆ ಬೇಕಾದುದು ಯಾವುದೆಂದು ಅರಿತು ಬರೆದ ಜಾಣ ಅರ್ಜಿ ಅದು. ನಮಗೆ ಉಳಿದುಬಂದಿರುವ ಅದರ ಕರಡು ಲಿಯೊನಾರ್ಡೊನ ಸ್ವಂತ ಕೈಬರಹದಲ್ಲಿಲ್ಲವೆಂಬುದು ವಿದ್ವಾಂಸರ ಅಭಿಪ್ರಾಯ; ಬೇರಾರೋ ಬರೆದುಕೊಟ್ಟದ್ದು. ಅದರಲ್ಲಿ ತುಸು ಬಡಾಯಿಯೂ ಇಲ್ಲದಿಲ್ಲ. ಆದರೆ ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ತಮ್ಮ ಉದ್ಯಾನದಲ್ಲಿಯೇ ಮಾಡಿ ತೋರಿಸಲು ಸಿದ್ಧನಿದ್ದೇನೆ ಎಂಬರ್ಥದ ಮಾತಿನೊಂದಿಗೆ ಪತ್ರ ಮುಗಿಯುತ್ತದೆ. ಅಕ್ಷರ ಯಾರದಾದರೇನು, ಪರೀಕ್ಷೆಗೆ ನಿಲ್ಲುವ ಹೊಣೆ ಅವನದಾಗಿತ್ತು.

ಮರದಡಿಯ ಬರಹಗಾರನಿಗೂ ಈ ಯಂತ್ರಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಆತ ಬರೆಯುವ ಮೊದಲು, "ಏನು ಓದಿದ್ದೀಯಪ್ಪ? ಎಲ್ಲಿ ದುಡಿದಿದ್ದೀಯ?" ಎಂದು ಕೇಳುತ್ತಿದ್ದ. ಯಂತ್ರವಾದರೋ ನಾವಾಗಿ ಹೇಳದಿದ್ದರೆ ಅನೇಕ ವೇಳೆ ಕೇಳುವುದೇ ಇಲ್ಲ. ಅಪಾರ ಬರಹರಾಶಿಯಿಂದ, ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಅದು ಕಲಿತಿದೆ. ನಾವು ಬಿಟ್ಟ ಖಾಲಿ ಜಾಗವನ್ನು, ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದರಿಂದ ತುಂಬಿಬಿಡುತ್ತದೆ. ಆ ಸಾಮಾನ್ಯ ಸಂಗತಿ ನಮ್ಮ ಬಾಳಿನಲ್ಲಿ ನಡೆದಿರಲೇಬೇಕೆಂದೇನೂ ಇಲ್ಲವಲ್ಲ!

ಕಳೆದ ವರ್ಷ ಬಿ.ಕಾಂ. ಪದವೀಧರೆಯೊಬ್ಬಳು ತನ್ನ ಅರ್ಜಿಯನ್ನು ನೋಡಿಕೊಡಬೇಕೆಂದು ಗುರುಮನೆಗೆ ಬಂದಿದ್ದಳು. ಇಂಗ್ಲಿಷ್ ನಿರ್ದುಷ್ಟವಾಗಿತ್ತು. ಫಲಿತಾಂಶವನ್ನೇ ಧ್ಯೇಯವಾಗಿಸಿಕೊಂಡ ಚೈತನ್ಯಶೀಲ ಹಣಕಾಸು ತಜ್ಞೆ ಎಂಬಂಥ ಮಾತುಗಳು ಅದರಲ್ಲಿದ್ದವು. ಟ್ಯಾಲಿಯಲ್ಲಿ ಮೂರು ವರ್ಷಗಳ ಅನುಭವವಿದೆ ಎಂದೂ ಇತ್ತು. "ಎಲ್ಲಿಯ ಅನುಭವವಮ್ಮ?" ಎಂದೆ. "ಅದೇ ಹಾಕಿಕೊಂಡಿದೆ ಫಾದರ್" ಎಂದಳು. ಮಾತಿಗೆ ಮಾತು ಬೆಳೆದಂತೆ ತಿಳಿದುಬಂದ ಸಂಗತಿ ಬೇರೆಯೇ ಇತ್ತು. ತಂದೆಯ ಕಿರಾಣಿ ಅಂಗಡಿಯ ಲೆಕ್ಕವನ್ನು ಅವಳು ಪಿಯುಸಿ ದಿನಗಳಿಂದ ಬರೆಯುತ್ತಿದ್ದಳು. ಸಾಲದ ಪುಸ್ತಕ ನೋಡಿಕೊಂಡು, ಮುನಿಸಿಲ್ಲದೆ ಬಾಕಿ ವಸೂಲು ಮಾಡುತ್ತಿದ್ದಳು. ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ ಕಾಯಿಲೆ ಬಿದ್ದಾಗ ಎರಡು ತಿಂಗಳು ಅಲ್ಲಿಯ ಪುಸ್ತಕಗಳನ್ನೂ ನಿಭಾಯಿಸಿದ್ದಳು. ಇದಾವುದೂ ಅರ್ಜಿಯಲ್ಲಿರಲಿಲ್ಲ. ಅಂಗಡಿಯ ಮಾತು ಬರೆದರೆ ನಗುತ್ತಾರೆಂಬುದು ಅವಳ ಅಂಜಿಕೆ. ಇದ್ದ ಮೂರು ವರ್ಷಗಳು ಮರೆಯಾಗಿ, ಇಲ್ಲದ ಮೂರು ವರ್ಷಗಳು ಕಾಗದಕ್ಕೆ ಬಂದಿದ್ದವು. ನನ್ನನ್ನು ಹೆಚ್ಚು ನೋಯಿಸಿದ್ದು ಇದೇ.

ಸುಳ್ಳಿನ ತಿರುಳು, ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾಗಿ ನುಡಿಯುವ ಸಂಕಲ್ಪದಲ್ಲಿದೆ ಎಂದು 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ವಿವೇಚಿಸಿದರು. ಈ ಲಕ್ಷಣವನ್ನು ಒಪ್ಪುವುದಾದರೆ ಯಂತ್ರವು ಸುಳ್ಳು ಹೇಳಲಾರದು. ಮನಸ್ಸೇ ಇಲ್ಲದುದು ಮನಸ್ಸಿಗೆ ವಿರುದ್ಧವಾಗಿ ನುಡಿಯುವುದಾದರೂ ಹೇಗೆ? ಯಂತ್ರ ಬರೆದಾಗ ಅದು ಬರಿಯ ತಪ್ಪು ವಾಕ್ಯ. ಓದಿ, ಸತ್ಯವಲ್ಲವೆಂದು ತಿಳಿದೂ, ಕೆಳಗೆ ಸಹಿ ಹಾಕಿದ ಕ್ಷಣದಲ್ಲಿ ಅದು ಸುಳ್ಳಾಗುತ್ತದೆ. ಆಗ ಅದು ಸಹಿ ಹಾಕಿದವರ ಸುಳ್ಳು. "ಅದೇ ಹಾಕಿಕೊಂಡಿದೆ" ಎಂಬ ಉತ್ತರ ಸಂದರ್ಶನದ ಕೋಣೆಯಲ್ಲಿ ನಡೆಯದು.

ಉದ್ಯೋಗದಾತರು ಮಾತ್ರ ಸತ್ಯಸಂಧರೇ ಎಂದು ಯುವಜನರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇಂದು ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವುದೂ ಎಷ್ಟೋ ಕಡೆ ಕಂಪ್ಯೂಟರೇ. ಅಮೆಜಾನ್ ಸಂಸ್ಥೆ 2014ರಿಂದ ಸಿದ್ಧಪಡಿಸುತ್ತಿದ್ದ ಅಂಥ ಒಂದು ವ್ಯವಸ್ಥೆ, ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಪಾಠ ಕಲಿತಿತ್ತು. ಅವು ಬಹುಮಟ್ಟಿಗೆ ಗಂಡಸರ ಅರ್ಜಿಗಳಾದುದರಿಂದ, "ಮಹಿಳೆಯರ" ಎಂಬ ಪದ ಕಂಡಲ್ಲಿ ಅದು ಅಂಕ ತಗ್ಗಿಸುತ್ತಿತ್ತು. ಸಂಸ್ಥೆ ಆ ಯತ್ನವನ್ನು ಕೈಬಿಟ್ಟ ಸಂಗತಿಯನ್ನು 2018ರ ಅಕ್ಟೋಬರಿನಲ್ಲಿ ರಾಯಿಟರ್ಸ್ ವರದಿ ಮಾಡಿತು. ಆದ್ದರಿಂದ ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ, ತಮಗೆ ನಿಜವಾಗಿ ಸಲ್ಲುವಷ್ಟು ಮಟ್ಟಿಗೆ, ಅರ್ಜಿಯಲ್ಲಿಯೂ ಬಳಸುವುದು ವಿವೇಕ.

ಆ ಹುಡುಗಿಯ ಅರ್ಜಿಯನ್ನು ಮತ್ತೆ ಬರೆಸಿದೆವು, ಅದೇ ಯಂತ್ರದಿಂದಲೇ. ಈ ಬಾರಿ ಅಂಗಡಿ, ಸಾಲದ ಪುಸ್ತಕ, ಹಾಲಿನ ಸಂಘ, ತಿಂಗಳುಗಳ ಲೆಕ್ಕ ಎಲ್ಲವನ್ನೂ ಅವಳು ಮೊದಲು ಕನ್ನಡದಲ್ಲಿಯೇ ಹೇಳಿದಳು. ಹೇಳದ ಯಾವುದನ್ನೂ ಸೇರಿಸಕೂಡದೆಂದು ಅದಕ್ಕೆ ಅಪ್ಪಣೆಯಾಯಿತು. ಬಂದುದನ್ನು ಗಟ್ಟಿಯಾಗಿ ಓದಿದಳು. ಎರಡು ಕಡೆ ಓದು ತಡವರಿಸಿತು. ಆ ಎರಡನ್ನೂ ಅವಳೇ ಹೊಡೆದುಹಾಕಿದಳು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಈಚೆಗೆ ನಡತೆಯ ಪ್ರಮಾಣಪತ್ರವನ್ನೂ ಯಂತ್ರದಿಂದ ಬರೆಸಿ, ಕೇವಲ ಸಹಿ ಮತ್ತು ಮೊಹರಿಗಾಗಿ ತರುವವರಿದ್ದಾರೆ. ಅವುಗಳಲ್ಲಿ ಎಲ್ಲರ ನಡತೆಯೂ ಒಂದೇ ಸಮನೆ ಆದರ್ಶಪ್ರಾಯ! ಅಂಥವಕ್ಕೆ ನಾನು ಸಹಿ ಹಾಕುವುದಿಲ್ಲ. ಬುಧವಾರ ಸಂಜೆ ಪೂಜೆಯ ನಂತರ ಬಂದು ಅರ್ಧ ಗಂಟೆ ಕುಳಿತು ಮಾತನಾಡಿದರೆ, ನಾನು ಕಂಡಷ್ಟನ್ನು ನನ್ನ ಕೈಯಾರೆ ಬರೆದುಕೊಡುತ್ತೇನೆ. ನನ್ನ ಅಕ್ಷರ ಓದುವುದು ಕಷ್ಟವೆಂಬ ದೂರು ಹಳೆಯದು. ಅದನ್ನು ಟೈಪು ಮಾಡಿಸಿಕೊಳ್ಳಲು ಅಭ್ಯಂತರವಿಲ್ಲ.