ಎಂಟು ತಂತಿಯ ಹಾದಿ, ಒಂಟಿ ತಂತಿಯ ಹಾದಿ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನೆರೆಯುವ ಜನಸ್ತೋಮವು ದೊಡ್ಡ ಬಸವನ ದರ್ಶನಕ್ಕೆ ಎರಡು ಬಗೆಯಲ್ಲಿ ಸಾಗಬಹುದು: ಎಂಟೆಂಟು ಮಂದಿ ಹೆಗಲಿಗೆ ಹೆಗಲು ಸೇರಿಸಿ, ಇಲ್ಲವೇ ಒಬ್ಬರ ಹಿಂದೊಬ್ಬರಾಗಿ. ಗಣಕಯಂತ್ರದಿಂದ ಪ್ರಿಂಟರಿಗೆ ಅಕ್ಷರಗಳು ಪಯಣಿಸುವ ರೀತಿಗಳೂ ಇವೆರಡೇ. ಮೊದಲನೆಯದರ ಹೆಸರು ಪ್ಯಾರಲಲ್, ಎರಡನೆಯದು ಸೀರಿಯಲ್.

ಗಣಕದ ಪಾಲಿಗೆ ಒಂದು ಇಂಗ್ಲಿಷ್ ಅಕ್ಷರವೆಂದರೆ ಎಂಟು ಬಿಟ್‌ಗಳ ಒಂದು ಕಟ್ಟು. ಅದೇ ಒಂದು ಬೈಟ್. ಅಮೆರಿಕದ ಸೆಂಟ್ರಾನಿಕ್ಸ್ ಸಂಸ್ಥೆಯು 1970ರಲ್ಲಿ ಬಳಕೆಗೆ ತಂದ ಪ್ಯಾರಲಲ್ ಜೋಡಣೆಯಲ್ಲಿ ಆ ಎಂಟೂ ಎಂಟು ತಂತಿಗಳ ಮೇಲೆ ಏಕಕಾಲಕ್ಕೆ ಹೊರಡುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1,50,000 ಬೈಟ್ ಅದರ ವೇಗ. 1960ರಲ್ಲಿ ರೂಪುಗೊಂಡ ಆರ್‌ಎಸ್-232 ಎಂಬ ಸೀರಿಯಲ್ ಪದ್ಧತಿಯಲ್ಲಾದರೋ ಬಿಟ್‌ಗಳು ಸಾಗಲು ಒಂದೇ ತಂತಿ. ಮೊದಲು ಕೊನೆಗಳನ್ನು ಸೂಚಿಸುವ ಬಿಟ್‌ಗಳೂ ಸೇರಿ ಅಕ್ಷರವೊಂದಕ್ಕೆ ಹತ್ತು ಬೇಕಾಗುವುದರಿಂದ, ವಾಡಿಕೆಯ 9,600 ಬಿಟ್ ವೇಗದಲ್ಲಿ ಸೆಕೆಂಡಿಗೆ ಸಾಗುವುದು 960 ಅಕ್ಷರ ಮಾತ್ರ.

4,800 ಅಕ್ಷರಗಳ ಇಂಗ್ಲಿಷ್ ಪುಟಕ್ಕೆ ಇದು ಐದು ಸೆಕೆಂಡಿನ ಕೆಲಸ. ಕನ್ನಡದ ಪಾಡು ಬೇರೆ. ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ನೆನಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಆಕಾರವಿರುತ್ತಿತ್ತೇ ಹೊರತು ನಮ್ಮ ಗುಣಿತಾಕ್ಷರ, ಒತ್ತಕ್ಷರಗಳದ್ದಲ್ಲ. ಅವನ್ನು ಗಣಕವೇ ಚಿತ್ರದಂತೆ ಬರೆದು, ಚುಕ್ಕೆ ಚುಕ್ಕೆಯಾಗಿ ಕಳುಹಿಸಬೇಕಿತ್ತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಸಿದ್ಧವಾದ ಪತ್ರವೂ ಅಂಥ ಪ್ರಿಂಟರನ್ನು ಸೇರುತ್ತಿದ್ದುದು ಹೀಗೆಯೇ. ಅಂಗುಲಕ್ಕೆ 180 ಚುಕ್ಕೆಗಳಂತೆ, 8 ಅಂಗುಲ ಅಗಲ, 11 ಅಂಗುಲ ಉದ್ದದ ಪುಟಕ್ಕೆ 28,51,200 ಚುಕ್ಕೆಗಳು; ಅಂದರೆ 3,56,400 ಬೈಟ್. ಆ ಒಂಟಿ ತಂತಿಯಲ್ಲಿ ಇಷ್ಟು ಸಾಗಲು ಆರು ನಿಮಿಷಕ್ಕೂ ಮಿಕ್ಕಿದ ಕಾಲ ಹಿಡಿದರೆ, ಎಂಟು ತಂತಿಗಳಲ್ಲಿ ಎರಡೂವರೆ ಸೆಕೆಂಡು ಸಾಕು. ಬಳಿಕ ಪ್ರಿಂಟರಿನ ಸೂಜಿಗಳು ಎಷ್ಟು ಬೇಗ ಬಡಿಯುತ್ತವೆಯೋ ಅಷ್ಟೇ ಬೇಗ ಪುಟ ಮುಗಿಯುತ್ತದೆ. ಇಂಗ್ಲಿಷ್ ಪತ್ರಕ್ಕೆ ಅನುಕೂಲವೆನಿಸಿದ ಪ್ಯಾರಲಲ್ ಕೇಬಲ್ ಕನ್ನಡ ಪತ್ರಕ್ಕೆ ಅನಿವಾರ್ಯವೇ ಆಗಿತ್ತು.

ಹಾಗೆಂದು ಎಂಟು ತಂತಿಗಳೇ ಕಡೆಗೆ ಗೆಲ್ಲಲಿಲ್ಲ. ಹೆಗಲು ಸೇರಿಸಿ ನಡೆಯುವವರು ಓಡತೊಡಗಿದರೆ ಒಬ್ಬ ಮುಂದಾಗುತ್ತಾನೆ, ಇನ್ನೊಬ್ಬ ಹಿಂದುಳಿಯುತ್ತಾನೆ. ವೇಗ ಹೆಚ್ಚಿದಂತೆ ತಂತಿಗಳಲ್ಲಿಯೂ ಬಿಟ್‌ಗಳು ಹಿಂದುಮುಂದಾಗಿ ತಲುಪಿ ಅಕ್ಷರ ಕೆಡುವ ಅಪಾಯವುಂಟು. ಒಂಟಿ ಸಾಲಿಗೆ ಈ ತೊಡಕಿಲ್ಲ. 1994ರಲ್ಲಿ ಸುಧಾರಿಸಿದ ಪ್ಯಾರಲಲ್ ಜೋಡಣೆಯು ಸೆಕೆಂಡಿಗೆ ಸುಮಾರು 20 ಲಕ್ಷ ಬೈಟ್ ಮುಟ್ಟಿತು. ಆದರೆ ಬಿಟ್‌ಗಳನ್ನು ಒಂದರ ಹಿಂದೊಂದಾಗಿಯೇ ಕಳುಹಿಸುವ ಯು.ಎಸ್.ಬಿ.ಯ ಎರಡನೆಯ ಆವೃತ್ತಿಯು 2000ದಲ್ಲಿ ಸೆಕೆಂಡಿಗೆ 48 ಕೋಟಿ ಬಿಟ್‌ಗಳ ವೇಗವನ್ನು ತಂದಿತು. ಆರು ನಿಮಿಷ ಕಾಯಿಸುತ್ತಿದ್ದ ಆ ಕನ್ನಡ ಪುಟ ಸಾಗಲು ಈಗ ಲೆಕ್ಕದ ಪ್ರಕಾರ ಸೆಕೆಂಡಿನ ನೂರನೆಯ ಒಂದು ಪಾಲೂ ಬೇಡ.