ಬಲ ಹೃದಯವನ್ನು ಹೊರಗಿನಿಂದಲೇ ಕಂಡ ಬಗೆ

ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೆ (ಪಲ್ಮನರಿ ಹೈಪರ್‌ಟೆನ್ಷನ್) ಮೊದಲು ಬಳಲುವುದು ಹೃದಯದ ಬಲಭಾಗ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯಲ್ಲಿ ಇದು ಸಿಗದು. ರಕ್ತನಾಳದ ಮೂಲಕ ಕೊಳವೆ ತೂರಿಸಿ ಹೃದಯದೊಳಗೇ ಅಳೆಯಬೇಕು. ಮನುಷ್ಯ ಇದನ್ನು ತಾಳಿಕೊಳ್ಳುತ್ತಾನೆ. ಪ್ರಯೋಗಾಲಯದ ಇಲಿಗೆ ಸಾಮಾನ್ಯವಾಗಿ ಅದೇ ಕೊನೆಯ ಪರೀಕ್ಷೆ.

ಇಲಿಗಳಲ್ಲಿ ಈ ರೋಗ ತರಿಸುವ ದಾರಿ ಒಂದು ಗಿಡದಿಂದ ಸಿಕ್ಕಿತು. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಸೆಣಬಿನ ಕುಲದ್ದೇ ಆದ ಕ್ರೊಟಲೇರಿಯಾ ಸ್ಪೆಕ್ಟಾಬಿಲಿಸ್‌ನ ಬೀಜ ತಿಂದ ಇಲಿಗಳಿಗೆ ಪಲ್ಮನರಿ ಹೈಪರ್‌ಟೆನ್ಷನ್ ಬರುವುದನ್ನು 1967ರಲ್ಲಿ ಸಂಶೋಧಕ ಕೇ ಮತ್ತು ಸಂಗಡಿಗರು ತೋರಿಸಿದರು. ಅದರ ವಿಷ ಮೊನೊಕ್ರೊಟಲಿನ್ ಇಂದಿಗೂ ಬಳಕೆಯಲ್ಲಿದೆ. ಆದರೆ ಔಷಧ ನಾಟಿತೇ ಎಂದು ತಿಳಿಯಲು ಅದೇ ಪ್ರಾಣಿಯನ್ನು ಮತ್ತೆ ಮತ್ತೆ ನೋಡಬೇಕಲ್ಲ?

ದಾರಿ ತೋರಿದ್ದು ಶಬ್ದ. ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇಬ್ಬರೂ ಲೋಹದಲ್ಲಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನು ಹೃದಯದತ್ತ ತಿರುಗಿಸಿ, 1953ರ ಅಕ್ಟೋಬರ್ 29ರಂದು ಅದರ ಪ್ರತಿಧ್ವನಿಯನ್ನು (ಎಕೊ) ದಾಖಲಿಸಿದರು. 1984ರಲ್ಲಿ ಸಂಶೋಧಕರಾದ ಯೋಕ್ ಮತ್ತು ಪಾಪ್, ರೋಗಿಗಳಲ್ಲಿ ಬಲ ಹೃದಯದ ಕವಾಟದಿಂದ ಹಿಂದಕ್ಕೆ ಚಿಮ್ಮುವ ರಕ್ತದ ವೇಗದಿಂದ ಒತ್ತಡವನ್ನು ಅಂದಾಜಿಸಿದರು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರಾಯಿತು: ಸೆಕೆಂಡಿಗೆ 3 ಮೀಟರ್ ಇದ್ದರೆ ಕವಾಟದ ಎರಡು ಬದಿಯ ಒತ್ತಡದ ಅಂತರ 36 ಮಿಲಿಮೀಟರ್ ಪಾದರಸ.

ಆದರೆ ಚಿಟ್ಟಿಲಿಯ ಹೃದಯ ನಿಮಿಷಕ್ಕೆ 500–600 ಸಲ ಬಡಿಯುತ್ತದೆ; ಅಷ್ಟು ವೇಗದಲ್ಲಿ ಅಳೆಯುವುದು ಸುಲಭವಲ್ಲ. ಇಲ್ಲಿ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಕ್ರೇಗ್ ಹಾರ್ಟ್ಲಿಯವರನ್ನು ನೆನೆಯಲೇಬೇಕು. ಸಣ್ಣ ರಕ್ತನಾಳಗಳಿಗೆ ಹೊಂದುವ, ಶಬ್ದದಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ಸಾಧನವನ್ನು 1974ರಲ್ಲೇ ವಿವರಿಸಿದ್ದ ಅವರು, 1995ರಲ್ಲಿ ಸಹಸಂಶೋಧಕರಾದ ಮೈಕಲ್ ಮತ್ತು ಎಂಟ್‌ಮನ್ ಜೊತೆ ಚಿಟ್ಟಿಲಿಯ ಮಹಾಧಮನಿಯಲ್ಲಿ ರಕ್ತದ ವೇಗವನ್ನು ಚರ್ಮ ಕೊಯ್ಯದೆ ಅಳೆದರು. ಅದು ಎಡ ಹೃದಯದ ಮಾತು. ಬಲಭಾಗ ಇನ್ನೂ ಕಷ್ಟ: ಎದೆಮೂಳೆಯ ಮರೆಯಲ್ಲಿ, ಬಾಗಿದ ಆಕಾರದಲ್ಲಿ ಅಡಗಿದೆ, ಕವಾಟದ ಸೋರಿಕೆಯೂ ಸುಲಭಕ್ಕೆ ಸಿಕ್ಕದು. ಹಾಗಾಗಿ ಸಂಶೋಧಕರು ಶ್ವಾಸಕೋಶದ ಧಮನಿಯಲ್ಲಿ ರಕ್ತ ತನ್ನ ಗರಿಷ್ಠ ವೇಗ ಮುಟ್ಟಲು ಹಿಡಿಯುವ ಸಮಯವನ್ನು ನೋಡುತ್ತಾರೆ. ಒತ್ತಡ ಏರಿದಷ್ಟೂ ಅದು ಕುಗ್ಗುತ್ತದೆ. ಅರಿವಳಿಕೆ ಹೆಚ್ಚಾಗಿ ಬಡಿತ ಇಳಿದರೆ ಅಳತೆಯೂ ದಾರಿ ತಪ್ಪುತ್ತದೆ. ಕೊಳವೆಯ ಪರೀಕ್ಷೆಯನ್ನು ಎಕೊ ಪೂರ್ತಿ ಬದಲಿಸಿಲ್ಲ. ಆದರೂ ಪ್ರತಿ ಹಂತಕ್ಕೂ ಬೇರೆ ಪ್ರಾಣಿಗಳನ್ನು ಕೊಲ್ಲುವುದು ತಪ್ಪಿತಲ್ಲ, ನನ್ನ ಕಣ್ಣಿಗೆ ಅದೇ ದೊಡ್ಡ ಗಳಿಕೆ.

ಇದೇ ಡಾಪ್ಲರ್ ಇಂದು ಸಾಕುನಾಯಿಗಳಿಗೂ ಒದಗಿದೆ. ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಶ್ವಾಸಕೋಶದ ಧಮನಿಗಳಲ್ಲಿ ಬೀಡುಬಿಟ್ಟು ಇದೇ ರೋಗ ತರುತ್ತದೆ. ಎಕೊದಲ್ಲಿ ಹುಳು ಜೋಡಿ ಬಿಳಿಗೆರೆಯಾಗಿ ಕಾಣುತ್ತದೆ. ಟೆಕ್ಸಾಸ್‌ನಲ್ಲಿ ಇದರ ಕಾಟ ಹೆಚ್ಚು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನಾಯಿ ಸಾಕಿರುವ ಕನ್ನಡಿಗರು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಪಶುವೈದ್ಯರು ಹೇಳಿದ ತಡೆ ಔಷಧವನ್ನು ಚಳಿಗಾಲದಲ್ಲೂ ನಿಲ್ಲಿಸಬಾರದು.